ಹೊರಗಿನವರ ಮೇಲೆ ಎರಡು ಆರೋಪ: ಹುಬ್ಬಳ್ಳಿಯ ಅಪರಾಧ, ಹಾವೇರಿಯ ಗೋವಿನಜೋಳ

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆಯೊಳಗ ಕೆಲಸ ಮಾಡತೀನಿ, ಊರು ರಾಣೆಬೆನ್ನೂರು ತಾಲ್ಲೂಕು. ಇಲ್ಲಿ ಸಭೆಯೊಳಗ ಒಬ್ಬ ಮುಖಂಡರು ‘ಶಹರದಾಗ ಅಪರಾಧ ಎರಡು ಪಟ್ಟು ಆಗ್ಯಾವ, ಎಲ್ಲಾ ಹೊರಗಿನಿಂದ ಬಂದವರ ಕೆಲಸ’ ಅಂದ್ರು. ಊರಿಗೆ ಹೋದ್ರ ಮತ್ತೊಬ್ಬರು ‘ಪರದೇಶದ ಮಾಲು ತರಿಸಿ ಗೋವಿನಜೋಳದ (ಮೆಕ್ಕೆಜೋಳದ) ರೇಟ್ ಕೆಡವಿದ್ರು’ ಅಂತಾರ. ನಮ್ಮ ಅಣ್ಣ ಕ್ವಿಂಟಲ್ ಗೋವಿನಜೋಳ 1,750ಕ್ಕ ಕೊಟ್ಟು ಬಂದಾನ. ಇವೆರಡೂ ಖರೇನ? ನಮ್ಮಂಥವರು ತಪಾಸ ಮಾಡೋದು ಹ್ಯಾಂಗ?

ಉತ್ತರ: ಮೊದಲನೆಯ ಮಾತು ಹೇಳಿದ ರೂಪದಲ್ಲಿ ನಿಲ್ಲುವುದಿಲ್ಲ. ಎರಡನೆಯದರಲ್ಲಿ ಚೂರು ಸತ್ಯವಿದೆ, ಆದರೆ ನಿಮ್ಮ ಅಣ್ಣನ ಬೆಲೆ ಕೆಡವಿದ ಕೈ ಅದಲ್ಲ. ಎರಡಕ್ಕೂ ಒಂದು ಸಾಮ್ಯ ಇದೆ ನೋಡಿ: ಬೈಸಿಕೊಳ್ಳುವವನು ಸಭೆಯಲ್ಲಿ ಕೂತಿರುವುದಿಲ್ಲ. ಬಿಹಾರದಿಂದ ಬಂದ ಕೂಲಿಕಾರನ ಮತ ಸಾಮಾನ್ಯವಾಗಿ ಅವನ ಊರಲ್ಲೇ ಇರುತ್ತದೆ, ಗೋವಿನಜೋಳ ಬೆಳೆದು ಇಲ್ಲಿಗೆ ಕಳಿಸುವ ಮ್ಯಾನ್ಮಾರದ ರೈತನಿಗೆ ಇಲ್ಲಿ ಮತವೇ ಇಲ್ಲ. ಠಾಣೆಯ ದಾಖಲಾತಿ ಪದ್ಧತಿ, ಎಥೆನಾಲ್ (ಪೆಟ್ರೋಲಿಗೆ ಬೆರೆಸುವ ಸ್ಪಿರಿಟ್) ಹಂಚಿಕೆ, ಕಾಳಿನ ತೇವಾಂಶ ಇವುಗಳ ಬಗ್ಗೆ ಮಾತಾಡಿದರೆ ಉತ್ತರ ಕೊಡಬೇಕಾದವರು ಹತ್ತಿರದಲ್ಲೇ ಸಿಗುತ್ತಾರೆ. ಅದಕ್ಕೇ ಆ ಮಾತು ವೇದಿಕೆ ಮೇಲೆ ಕಡಿಮೆ.

ಮೊದಲು ಅಪರಾಧದ ವಿಷಯ. ‘ಎರಡು ಪಟ್ಟು’ ಎಂದವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ಪೊಲೀಸ್ ಘಟಕದ ಲೆಕ್ಕ? ಹುಬ್ಬಳ್ಳಿ-ಧಾರವಾಡ ಕಮಿಷನರೇಟ್ ಬೇರೆ, ಧಾರವಾಡ ಜಿಲ್ಲಾ ಎಸ್‌ಪಿ ಕಚೇರಿ ಬೇರೆ. ಕಲಘಟಗಿ, ಕುಂದಗೋಳ, ನವಲಗುಂದದ ಪ್ರಕರಣಗಳು ಎಸ್‌ಪಿ ಲೆಕ್ಕದಲ್ಲಿ ಬರುತ್ತವೆ. ಕೇಶ್ವಾಪುರ, ವಿದ್ಯಾನಗರ, ಹಳೇ ಹುಬ್ಬಳ್ಳಿಯವು ಕಮಿಷನರೇಟ್‌ನಲ್ಲಿ. ಒಂದು ವರ್ಷಕ್ಕೆ ಒಂದನ್ನು, ಮರುವರ್ಷಕ್ಕೆ ಎರಡನ್ನೂ ಕೂಡಿಸಿ ಹೇಳಿದರೆ ‘ಎರಡು ಪಟ್ಟು’ ಆಗುವುದು ಕಷ್ಟವೇನಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ಮಹಾನಗರಗಳ ಕೋಷ್ಟಕ ಹಾಕುತ್ತದೆ, ನಿಜ. ಆದರೆ ಅದರಲ್ಲಿರುವುದು 20 ಲಕ್ಷ ಮೀರಿದ 19 ನಗರಗಳು, ಕರ್ನಾಟಕದಿಂದ ಬೆಂಗಳೂರು ಒಂದೇ. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.4 ಲಕ್ಷದ ಆಸುಪಾಸು ಇತ್ತು. ಹಾಗಾಗಿ ‘ದೇಶದ ನಗರಗಳಲ್ಲಿ ಹುಬ್ಬಳ್ಳಿಗೆ ಇಂತಿಷ್ಟನೇ ಸ್ಥಾನ’ ಎಂದು ಯಾರಾದರೂ ಆ ಕೋಷ್ಟಕದ ಹೆಸರು ಹೇಳಿದರೆ ಅಲ್ಲೇ ತಡೆಯಬಹುದು. ರಾಜ್ಯದ ಜಿಲ್ಲಾವಾರು ಪಟ್ಟಿಯಲ್ಲಿ ಮಾತ್ರ ನಮ್ಮ ಕಮಿಷನರೇಟ್ ಪ್ರತ್ಯೇಕ ಸಾಲಾಗಿ ಸಿಗುತ್ತದೆ. ಅದೂ ತಡ: ಬ್ಯೂರೋದ 2023ರ ಪುಸ್ತಕ ಹೊರಬಿದ್ದದ್ದು 2025ರ ಸೆಪ್ಟೆಂಬರ್ ಕೊನೆಗೆ.

ಎರಡನೆಯ ಪ್ರಶ್ನೆ: ಯಾವ ಅಪರಾಧ? ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ತೂಗಿದರೆ ಏನಾಗುತ್ತದೆ ಎನ್ನುವುದಕ್ಕೆ 2020ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಆ ವರ್ಷ ಜನ ತಿಂಗಳುಗಟ್ಟಲೆ ಮನೆಯೊಳಗಿದ್ದರು, ಕಳವು ಇಳಿಯಿತು, ಕೊಲೆ ಏರಿದ್ದು ಶೇ 1ರಷ್ಟು. ಆದರೂ ದೇಶದ ಒಟ್ಟು ಪ್ರಕರಣಗಳು 51.5 ಲಕ್ಷದಿಂದ 66 ಲಕ್ಷಕ್ಕೆ, ಅಂದರೆ ಶೇ 28ರಷ್ಟು ಜಿಗಿದವು. ಕಾರಣ ಹಳೆಯ ದಂಡ ಸಂಹಿತೆ ಐಪಿಸಿಯ 188ನೇ ಕಲಂ, ಲಾಕ್‌ಡೌನ್ ಆದೇಶ ಮುರಿದವರ ಮೇಲೆ ಹಾಕಿದ ಕೇಸುಗಳು. 2019ರಲ್ಲಿ 29 ಸಾವಿರ ಇದ್ದದ್ದು ಮರುವರ್ಷ 6 ಲಕ್ಷ ದಾಟಿತು. ಕಾಯಿಪಲ್ಲೆ ತರಲು ಹೊರಬಿದ್ದವನೂ ಕೊಲೆಗಾರನೂ ಆ ಮೊತ್ತದಲ್ಲಿ ತಲಾ ಒಂದು.

ಇಲ್ಲಿ ಒಂದು ಭೇದ ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಲವು ಪ್ರಕರಣ ದೂರು ಬಂದರೆ ಹುಟ್ಟುತ್ತವೆ, ಕೆಲವು ಪೊಲೀಸರು ಹೊರಟರೆ ಹುಟ್ಟುತ್ತವೆ. ಓಸಿ ಮಟಕಾ, ಅಂದರ್-ಬಾಹರ್ ಜೂಜು (ಕರ್ನಾಟಕ ಪೊಲೀಸ್ ಕಾಯ್ದೆಯ 78 ಮತ್ತು 87ನೇ ಕಲಂ), ಗಾಂಜಾ ಸೇವನೆ (ಮಾದಕವಸ್ತು ಕಾಯ್ದೆ ಎನ್‌ಡಿಪಿಎಸ್‌ನ 27-ಬಿ) ಇವೆಲ್ಲ ಎರಡನೆಯ ಜಾತಿ. ಒಂದು ರಾತ್ರಿ ನೂರು ಹುಡುಗರನ್ನು ಹಿಡಿದು ಮೂತ್ರ ಪರೀಕ್ಷೆ ಮಾಡಿಸಿದರೆ ಗಾಂಜಾ ಪ್ರಕರಣ ಏರುತ್ತದೆ. ಪರೀಕ್ಷೆ ನಿಲ್ಲಿಸಿದರೆ ಇಳಿಯುತ್ತದೆ. ಊರಲ್ಲಿ ಸೇದುವವರ ಸಂಖ್ಯೆ ಎರಡೂ ಸಲ ಅಷ್ಟೇ ಇರಬಹುದು. ವಿಚಿತ್ರವೆಂದರೆ ಈ ಏರಿಕೆಯನ್ನು ಆಡಳಿತ ಪಕ್ಷ ‘ಬಿಗಿ ಕ್ರಮ’ ಎನ್ನುತ್ತದೆ, ವಿರೋಧ ಪಕ್ಷ ‘ಹದಗೆಟ್ಟ ವ್ಯವಸ್ಥೆ’ ಎನ್ನುತ್ತದೆ. ಸಂಖ್ಯೆ ಒಂದೇ.

ದೂರಿನಿಂದ ಹುಟ್ಟುವ ಪ್ರಕರಣಗಳಲ್ಲೂ ನಂಬಿಕೆಯ ಮೆಟ್ಟಿಲುಗಳಿವೆ. ಕೊಲೆ ಅತಿ ಗಟ್ಟಿ, ಹೆಣ ಮುಚ್ಚಿಡುವುದು ಕಷ್ಟ. ಮುಂದಿನದು ವಾಹನ ಕಳವು, ಯಾಕೆಂದರೆ ಎಫ್‌ಐಆರ್ ಇಲ್ಲದೆ ವಿಮೆ ಹಣ ಬರುವುದಿಲ್ಲ. ಮನೆಗಳ್ಳತನ ನಡುವೆ. ಕೊನೆಗೆ ಮೊಬೈಲ್: ಹಳೇ ಬಸ್ ನಿಲ್ದಾಣದಲ್ಲಿ ಜೇಬಿನಿಂದ ಎಗರಿಸಿದ್ದೂ ಬಹಳಷ್ಟು ಸಲ ಪೊಲೀಸರ ‘ಇ-ಲಾಸ್ಟ್’ ಆ್ಯಪ್‌ನಲ್ಲಿ ಕಳೆದುಹೋದ ವಸ್ತುವಾಗಿ ದಾಖಲಾಗುತ್ತದೆ. ಅದು ಎಫ್‌ಐಆರ್ ಅಲ್ಲ. ಸಿಮ್ ಬದಲಿಗೆ, ಸಿಇಐಆರ್ ಎಂಬ ಕೇಂದ್ರದ ತಾಣದಲ್ಲಿ ಹ್ಯಾಂಡ್‌ಸೆಟ್ ಬ್ಲಾಕ್ ಮಾಡಲು ಆ ರಸೀದಿಯೇ ಸಾಕಾಗುವುದರಿಂದ ಮಾಲೀಕನೂ ಒತ್ತಾಯ ಮಾಡುವುದಿಲ್ಲ. ನಾಳೆ ಒಬ್ಬ ಇನ್‌ಸ್ಪೆಕ್ಟರ್ ಇಂಥವನ್ನೆಲ್ಲ ಕಳವು ಎಂದೇ ದಾಖಲಿಸಲು ಶುರುಮಾಡಿದರೆ, ಆ ಠಾಣೆಯ ಅಪರಾಧ ಒಂದೇ ವರ್ಷದಲ್ಲಿ ‘ಎರಡು ಪಟ್ಟು’. ಒಳ್ಳೆ ಕೆಲಸ ಮಾಡಿ ಶಿಕ್ಷೆ ತಿನ್ನುವುದು ಎಂದರೆ ಇದೇ! ಸಂಜ್ಞೇಯ (ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಎಂದು 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪರಾಧ ಹೆಚ್ಚುವುದೂ ದಾಖಲಾತಿ ಹೆಚ್ಚುವುದೂ ಬೇರೆ ಬೇರೆ ಎಂದು ಎನ್‌ಸಿಆರ್‌ಬಿಯೇ ತನ್ನ ಪುಸ್ತಕದಲ್ಲಿ ಎಚ್ಚರಿಕೆ ಬರೆಯುತ್ತದೆ. ಅದನ್ನು ಓದಿ ಹೇಳಿದ ಮುಖಂಡರು ವಿರಳ.

2024ರ ಅಂಕಿ ನೋಡುವಾಗ ಇನ್ನೊಂದು ತೊಡಕು. ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆ 302 ಇದ್ದದ್ದು 103 ಆಯಿತು, ಕಳವು 379 ಇದ್ದದ್ದು 303 ಆಯಿತು. ಸರಗಳ್ಳತನಕ್ಕೆ ಮೊದಲು ಸ್ವಂತ ಕಲಂ ಇರಲಿಲ್ಲ, ಸುಲಿಗೆ ಎಂದೋ ಕಳವು ಎಂದೋ ಹಾಕುತ್ತಿದ್ದರು. ಈಗ 304 ಎಂಬ ಪ್ರತ್ಯೇಕ ಮನೆ ಸಿಕ್ಕಿದೆ. ಆದ್ದರಿಂದ ‘ಸುಲಿಗೆ ಇಳಿಯಿತು’ ಎಂಬ ಹೆಗ್ಗಳಿಕೆಯನ್ನೂ ‘ಕಿತ್ತುಕೊಂಡು ಓಡುವುದು ಶೂನ್ಯದಿಂದ ಇಷ್ಟಕ್ಕೆ ಏರಿತು’ ಎಂಬ ಗಾಬರಿಯನ್ನೂ ಕೂಡಿಸಿಯೇ ಓದಬೇಕು.

ಇನ್ನು ಚಿಕ್ಕ ಸಂಖ್ಯೆಯ ಆಟ. 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಲೋಕಸಭೆ ಚುನಾವಣೆಯ ಹೊತ್ತಿನಲ್ಲೇ, ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರ ಕೊಲೆಯಾಯಿತು. ಊರು ಕುದಿಯಿತು, ಕುದಿಯಲೇಬೇಕಿತ್ತು. ಆದರೆ ಎರಡು ಘೋರ ಘಟನೆಗಳಿಂದ ಊರಿನ ಅಪರಾಧದ ದಿಕ್ಕು ತಿಳಿಯುವುದಿಲ್ಲ. ಇದಕ್ಕೊಂದು ಸರಳ ಲೆಕ್ಕ ಇದೆ. ಎರಡು ವರ್ಷದ ಸಂಖ್ಯೆಗಳ ವ್ಯತ್ಯಾಸವನ್ನು ಆ ಎರಡರ ಮೊತ್ತದ ವರ್ಗಮೂಲದಿಂದ ಭಾಗಿಸಿ. ಉತ್ತರ 2ಕ್ಕಿಂತ ಕಡಿಮೆ ಬಂದರೆ ಅದು ವರ್ಷದಿಂದ ವರ್ಷಕ್ಕೆ ಸುಮ್ಮನೆ ಆಗುವ ಏರಿಳಿತ ಇದ್ದೀತು. ಕೊಲೆ 16 ಇದ್ದದ್ದು 24 ಆಯಿತು ಎಂದು ಇಟ್ಟುಕೊಳ್ಳಿ. ಪತ್ರಿಕೆಯ ಶೀರ್ಷಿಕೆ ‘ಶೇ 50 ಏರಿಕೆ’. ಲೆಕ್ಕ: ವ್ಯತ್ಯಾಸ 8, ಮೊತ್ತ 40, ಅದರ ವರ್ಗಮೂಲ 6.3, ಉತ್ತರ 1.3. ಏನೂ ಹೇಳಲಾಗದು. ಅದೇ ಬೈಕ್ ಕಳವು 400ರಿಂದ 480 ಆದರೆ ಶೇ 20ರ ಏರಿಕೆ ಅಷ್ಟೇ, ಆದರೆ 80ನ್ನು 880ರ ವರ್ಗಮೂಲ 29.7ರಿಂದ ಭಾಗಿಸಿದರೆ 2.7. ಇಲ್ಲಿ ನಿಜಕ್ಕೂ ಏನೋ ನಡೆದಿದೆ, ಠಾಣೆಗೆ ಹೋಗಿ ಕೇಳಬೇಕಾದದ್ದು ಇದನ್ನು.

‘ಲಕ್ಷ ಜನರಿಗೆ ಇಷ್ಟು’ ಎಂಬ ದರವೂ ಬೆಳೆಯುವ ನಗರಕ್ಕೆ ಮೋಸ ಮಾಡುತ್ತದೆ. ಎನ್‌ಸಿಆರ್‌ಬಿ ಮಹಾನಗರಗಳ ದರ ತೆಗೆಯುವುದು 2011ರ ಜನಸಂಖ್ಯೆಯ ಮೇಲೆ. ಜನ ಹೆಚ್ಚಾದಂತೆ ಪ್ರಕರಣ ಹೆಚ್ಚುತ್ತದೆ, ಭಾಜಕ ಮಾತ್ರ ಅಲ್ಲೇ ಕೂತಿರುತ್ತದೆ. ಇದೇ ಲೆಕ್ಕವನ್ನು ಹುಬ್ಬಳ್ಳಿಗೆ ಯಾರಾದರೂ ಹಾಕಿದರೆ ಇದೇ ದೋಷ ಅಂಟುತ್ತದೆ.

ಹೊರಗಿನವರ ಮಾತಿಗೆ ಬರೋಣ. ಬೀಗ ಹಾಕಿದ ಮನೆಗೆ ಕನ್ನ, ಎಟಿಎಂ ಒಡೆಯುವುದು ಇವುಗಳಲ್ಲಿ ಅಂತರರಾಜ್ಯ ಗ್ಯಾಂಗುಗಳು ಸಿಕ್ಕಿಬೀಳುವುದುಂಟು, ಅಲ್ಲಗಳೆಯಬೇಕಾಗಿಲ್ಲ. ಕೊಲೆಯ ಚಿತ್ರ ಬೇರೆ. 2022ರಲ್ಲಿ ದೇಶದಲ್ಲಿ ದಾಖಲಾದ 28,522 ಕೊಲೆಗಳಲ್ಲಿ 9,962ಕ್ಕೆ ಜಗಳ-ತಂಟೆ ಕಾರಣ, 3,761ಕ್ಕೆ ವೈಯಕ್ತಿಕ ದ್ವೇಷ. ಲಾಭಕ್ಕಾಗಿ ಮಾಡಿದವು 1,884. ಹೊಲದ ಬದು, ಮನೆಯ ಪಾಲು, ಕೊಟ್ಟ ಸಾಲ ಇವೆಲ್ಲ ಪರಿಚಿತರ ನಡುವಿನ ವ್ಯವಹಾರ. ಅತ್ಯಾಚಾರದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಗೊತ್ತಿದ್ದವರೇ. ‘ಜೈಲಿನಲ್ಲಿರುವವರನ್ನು ನೋಡಿ, ಎಷ್ಟು ಮಂದಿ ಬೇರೆ ರಾಜ್ಯದವರು’ ಎನ್ನುವ ವಾದವೂ ಬರುತ್ತದೆ. ಜೈಲಿನಲ್ಲಿ ಎಣಿಸುವುದು ಇಂದು ಒಳಗಿರುವವರನ್ನು. ಸ್ಥಳೀಯನಿಗೆ ಪಹಣಿ ಹಿಡಿದು ಬರುವ ಜಾಮೀನುದಾರ ಎರಡು ದಿನದಲ್ಲಿ ಸಿಗುತ್ತಾನೆ. ಬೇರೆ ರಾಜ್ಯದವನಿಗೆ ಜಾಮೀನು ಮಂಜೂರಾದರೂ ಜಾಮೀನುದಾರ ಸಿಗದೆ ತಿಂಗಳುಗಟ್ಟಲೆ ಒಳಗೇ ಉಳಿಯುತ್ತಾನೆ. ಒಂದೇ ತಪ್ಪು ಮಾಡಿದರೂ ಎಣಿಕೆಯ ದಿನ ಸಿಗುವುದು ಎರಡನೆಯವನು. ಅಂದಹಾಗೆ, 1992ರಲ್ಲಿ ದೇಶದಲ್ಲಿ 40,105 ಕೊಲೆ ದಾಖಲಾಗಿದ್ದವು, 2023ರಲ್ಲಿ 27,721. ಈ ನಡುವೆ ಊರು ಬಿಟ್ಟು ಊರಿಗೆ ದುಡಿಯಲು ಹೋದವರು ಎಷ್ಟು ಕೋಟಿಯೋ.

ನೀವೇ ತಪಾಸ ಮಾಡುವುದಾದರೆ ಒಂದು ಸುಲಭ ದಾರಿ: ಪ್ರತಿ ಠಾಣೆಯ ಎಫ್‌ಐಆರ್ ಸಂಖ್ಯೆ ಜನವರಿಯಿಂದ 1 ಎಂದು ಶುರುವಾಗಿ ಡಿಸೆಂಬರ್‌ವರೆಗೆ ಸರಣಿಯಾಗಿ ಸಾಗುತ್ತದೆ. 2016ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳು ಪೊಲೀಸ್ ಜಾಲತಾಣದಲ್ಲಿ ಬರಬೇಕು. ವರ್ಷದ ಕೊನೆಯ ವಾರದ ಒಂದು ಎಫ್‌ಐಆರ್ ತೆರೆದರೆ ಸಾಕು, ಅದರ ಸಂಖ್ಯೆಯೇ ಹೆಚ್ಚುಕಡಿಮೆ ಆ ವರ್ಷದ ಮೊತ್ತ. ಪೋಕ್ಸೊದಂಥವು ಕಾಣದಿದ್ದರೂ ಸರಣಿಯಲ್ಲಿ ಅವುಗಳ ಜಾಗ ಇದ್ದೇ ಇರುತ್ತದೆ. ಕಲಂವಾರು ಬೇಕಾದರೆ ಕಮಿಷನರ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ‘ಅಪರಾಧ ಯಾಕೆ ಹೆಚ್ಚಿದೆ’ ಎಂದು ಬರೆದರೆ ತಿರಸ್ಕಾರ ಖಚಿತ, ಅಭಿಪ್ರಾಯ ಹೇಳುವ ಹೊಣೆ ಅವರಿಗಿಲ್ಲ. ‘2022ರಿಂದ ಇಲ್ಲಿಯವರೆಗೆ ಕೊಲೆ, ಸುಲಿಗೆ, ಮನೆಗಳ್ಳತನ, ವಾಹನ ಕಳವು: ಠಾಣಾವಾರು, ತಿಂಗಳವಾರು ದಾಖಲಾದ ಸಂಖ್ಯೆ’ ಎಂದು ಕೇಳಿ.

ಈಗ ಗೋವಿನಜೋಳ. 2025ರ ನವೆಂಬರ್‌ನಲ್ಲಿ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತಾಗ ಬೆಂಬಲ ಬೆಲೆ 2,400 ಇತ್ತು, ಪೇಟೆಯಲ್ಲಿ 1,600ರಿಂದ 1,800. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದು ಆಮದು ನಿಲ್ಲಿಸಿ ಎಂದರು. ಕೇಂದ್ರ ಆಹಾರ ಸಚಿವ, ನಮ್ಮ ಧಾರವಾಡದ ಸಂಸದರೂ ಆದ ಪ್ರಹ್ಲಾದ ಜೋಶಿ, ಆಮದು ಕಾರಣವಲ್ಲ ಎಂದರು. ಇಬ್ಬರ ಮಾತನ್ನೂ ಬದಿಗಿಟ್ಟು ಲೆಕ್ಕ ಮಾಡೋಣ.

ದೇಶದ ಬೆಳೆ 2024-25ರಲ್ಲಿ ಸುಮಾರು 4.3 ಕೋಟಿ ಟನ್. ಆ ವರ್ಷದ ಆಮದು 10 ಲಕ್ಷ ಟನ್ನಿನ ಆಸುಪಾಸು, ಹೆಚ್ಚಿನದು ಮ್ಯಾನ್ಮಾರ್ ಮತ್ತು ಉಕ್ರೇನಿನಿಂದ. ನೂರಕ್ಕೆ ಎರಡು ಚಿಲ್ಲರೆ. ಸುಂಕದ ವ್ಯವಸ್ಥೆ ಹೀಗಿದೆ: 5 ಲಕ್ಷ ಟನ್‌ವರೆಗೆ ಶೇ 15, ಅದರಾಚೆ ಶೇ 50, ಮ್ಯಾನ್ಮಾರಕ್ಕೆ ವಿನಾಯಿತಿ. ಬಂದರಿಗೆ ಬಂದು ಬೀಳುವ ಮಾಲು ಟನ್ನಿಗೆ 240 ಡಾಲರ್, ಡಾಲರಿಗೆ 88 ರೂಪಾಯಿ ಎಂದು ಹಿಡಿಯಿರಿ. ಸುಂಕವೇ ಇಲ್ಲದೆ ಕ್ವಿಂಟಲ್‌ಗೆ 2,112. ಶೇ 15 ಸೇರಿಸಿದರೆ 2,429. ಶೇ 50 ಆದರೆ 3,168. ಅಲ್ಲಿಂದ ಲಾರಿ ಬಾಡಿಗೆ ಬೇರೆ. ಹಾವೇರಿಯಲ್ಲಿ 1,750ಕ್ಕೆ ರಾಶಿಗಟ್ಟಲೆ ಸಿಗುವಾಗ ಯಾವ ಕೋಳಿ ಆಹಾರದ ಕಾರ್ಖಾನೆಯವನು ಹಡಗಿಗೆ ಕಾಯುತ್ತಾನೆ? ಆಮದಿಗೆ ಬೆಲೆಯನ್ನು ಮೇಲೇರದಂತೆ ತಡೆಯುವ ಶಕ್ತಿ ಇದೆ. ಬೆಲೆ 2,400 ದಾಟಿದ ದಿನಗಳಲ್ಲಿ ಅದು ಅದೇ ಕೆಲಸ ಮಾಡುತ್ತದೆ, ಗೋದಾಮಿನಲ್ಲಿ ಉಳಿದ ಹಳೇ ಆಮದು ಮಾಲು ಹೊಸ ಸುಗ್ಗಿಗೂ ಸ್ವಲ್ಪ ಭಾರವಾಗುತ್ತದೆ. ಆ ಚೂರು ಸತ್ಯ ಎಂದದ್ದು ಇದನ್ನೇ. ಆದರೆ ತನ್ನ ಸ್ವಂತ ಬೆಲೆಗಿಂತ ಮುನ್ನೂರೈವತ್ತರಿಂದ ಆರೇಳುನೂರು ಕೆಳಕ್ಕೆ ಅದು ಪೇಟೆಯನ್ನು ಎಳೆಯಲಾರದು.

ಎಳೆಯಬಲ್ಲದ್ದು ಎಥೆನಾಲ್. ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಬರುತ್ತದೆ, ಅಂದರೆ ಕ್ವಿಂಟಲ್‌ಗೆ 38. 2025-26ಕ್ಕೆ ತೈಲ ಕಂಪನಿಗಳು 1,050 ಕೋಟಿ ಲೀಟರ್ ಕೇಳಿದವು. ಕಾರ್ಖಾನೆಗಳು 1,776 ಕೋಟಿ ಲೀಟರ್ ಕೊಡುತ್ತೇವೆಂದು ಬಂದವು. ಹಂಚಿಕೆಯಲ್ಲಿ ಗೋವಿನಜೋಳದ ಪಾಲು ಅರ್ಧದ ಹತ್ತಿರ, ಸುಮಾರು 480 ಕೋಟಿ ಲೀಟರ್. ಅದಕ್ಕೆ ಬೇಕಾದ ಕಾಳು 1.26 ಕೋಟಿ ಟನ್, ದೇಶದ ಬೆಳೆಯ ಹತ್ತಿರಹತ್ತಿರ ಶೇ 30. ಈ ಬೇಡಿಕೆಯಲ್ಲಿ ಹತ್ತರಲ್ಲೊಂದು ಪಾಲು ಕುಗ್ಗಿದರೂ 12 ಲಕ್ಷ ಟನ್ ಪೇಟೆಯಲ್ಲಿ ಉಳಿಯುತ್ತದೆ, ಇಡೀ ವರ್ಷದ ಆಮದಿಗಿಂತ ಹೆಚ್ಚು. ಜೊತೆಗೆ ಭಾರತೀಯ ಆಹಾರ ನಿಗಮದ ಅಕ್ಕಿ: 2025ರ ಜನವರಿಯಲ್ಲಿ ಎಥೆನಾಲ್‌ಗೆಂದು ಅದರ ದರವನ್ನು ಕ್ವಿಂಟಲ್‌ಗೆ 2,800ರಿಂದ 2,250ಕ್ಕೆ ಇಳಿಸಿ, ಮುಂದೆ ಒಟ್ಟು 52 ಲಕ್ಷ ಟನ್ ಹಂಚಿದರು. ಅಕ್ಕಿಯಲ್ಲಿ ಪಿಷ್ಟ ಹೆಚ್ಚು, ಎಥೆನಾಲ್ ಹೆಚ್ಚು, ಹಾಗಾಗಿ ಕಾರ್ಖಾನೆಗಳು ಅತ್ತ ವಾಲುತ್ತವೆ. ‘ಗೋವಿನಜೋಳ ಬೆಳೀರಿ, ಎಥೆನಾಲ್ ಇದೆ’ ಎಂಬ ಮಾತು ನಂಬಿ ಬಿತ್ತನೆ ಹೆಚ್ಚಿದ ಹೊತ್ತಿಗೇ ಇದು.

ಇನ್ನೊಂದು ಲೆಕ್ಕ ವೇದಿಕೆ ಮೇಲೆ ಯಾರೂ ಹೇಳುವುದಿಲ್ಲ. ಗೋವಿನಜೋಳದ ಎಥೆನಾಲ್‌ಗೆ ಕಂಪನಿಗಳು ಕೊಡುವ ದರವನ್ನು 2024ರ ಜನವರಿಯಲ್ಲಿ ಲೀಟರಿಗೆ 71.86 ರೂಪಾಯಿಗೆ ಏರಿಸಿದರು. ಕಾಳು 2,400ಕ್ಕೆ ಕೊಂಡರೆ ಲೀಟರಿಗೆ ಕಚ್ಚಾಮಾಲಿನ ಖರ್ಚು 63 ರೂಪಾಯಿ. 1,800ಕ್ಕೆ ಸಿಕ್ಕರೆ 47. ಮಾರುವ ದರ ನಿಗದಿ, ಕೊಳ್ಳುವ ದರಕ್ಕೆ ಕಟ್ಟುಪಾಡಿಲ್ಲ. 16 ರೂಪಾಯಿ ಎಲ್ಲಿಗೆ ಹೋಯಿತು ಎಂದು ಕೇಳಲು ಮ್ಯಾನ್ಮಾರಕ್ಕೆ ಹೋಗಬೇಕಾಗಿಲ್ಲ.

ವಿದೇಶಿ ವ್ಯಾಪಾರದ ನೀತಿ ರೈತನಿಗೆ ನಾಟುವುದೇ ಇಲ್ಲ ಎಂದು ಇದರಿಂದ ತಿಳಿಯಬೇಡಿ. ನಾಟುತ್ತದೆ, ಆದರೆ ಬೇರೆ ಕಡೆಯಿಂದ. ಉಳ್ಳಾಗಡ್ಡಿಯನ್ನು ನೋಡಿ: 2023ರ ಆಗಸ್ಟ್‌ನಲ್ಲಿ ರಫ್ತಿಗೆ ಶೇ 40 ಸುಂಕ, ಅಕ್ಟೋಬರ್ ಕೊನೆಗೆ ಟನ್ನಿಗೆ 800 ಡಾಲರ್ ಕನಿಷ್ಠ ದರ, ಡಿಸೆಂಬರ್ 8ರಿಂದ ಪೂರ್ತಿ ನಿಷೇಧ, ತೆರವಾದದ್ದು 2024ರ ಮೇ 4ಕ್ಕೆ, ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ. ಗದಗ, ಧಾರವಾಡದ ಮುಂಗಾರಿನ ಗಡ್ಡೆ ಬಹಳ ದಿನ ಇಟ್ಟರೆ ಕೊಳೆಯುತ್ತದೆ, ನಾಸಿಕದ ಹಿಂಗಾರಿನ ಮಾಲಿನಂತೆ ಕಾಯಲಾಗದು. ಹೊರಗೆ ಹೋಗಬೇಕಾದದ್ದು ದೇಶದೊಳಗೇ ಸುತ್ತಿದರೆ ಮೊದಲು ಸೋಲುವವರು ಇವರೇ. ಆ ಬಾಗಿಲು ಮುಚ್ಚಿದ್ದು ಪರದೇಶದವರಲ್ಲ.

ಹತ್ತಿಯಲ್ಲಿ ಆಮದಿನ ದೂರಿಗೆ ಹೆಚ್ಚು ಬಲವಿದೆ. 2025ರ ಆಗಸ್ಟ್ 19ರಿಂದ ಡಿಸೆಂಬರ್ 31ರವರೆಗೆ ಶೇ 11ರ ಆಮದು ಸುಂಕ ಕೈಬಿಟ್ಟರು, ಸರಿಯಾಗಿ ನಮ್ಮ ಬಿಡಿಸುವ ಕಾಲಕ್ಕೆ. ಅತಿ ಉದ್ದ ಎಳೆಯ ಡಿಸಿಎಚ್-32ರಂಥ ಹತ್ತಿಗಂತೂ 2024ರ ಫೆಬ್ರುವರಿಯಿಂದಲೇ ಆ ರಕ್ಷಣೆ ಇಲ್ಲ. ಪೆಟ್ಟು ಎಷ್ಟಿರಬಹುದು? ಅರಳೆ, ಅಂದರೆ ಬೀಜ ತೆಗೆದ ಹತ್ತಿ, ಖಂಡಿಗೆ (356 ಕೆ.ಜಿ.) 55,000 ಎಂದಿಟ್ಟುಕೊಂಡರೆ ಕೆ.ಜಿ.ಗೆ 154, ಕ್ವಿಂಟಲ್ ಹತ್ತಿಯಲ್ಲಿ 34 ಕೆ.ಜಿ. ಅರಳೆ. ಸುಂಕದ ಇಳಿಕೆ ಪೂರ್ತಿ ಬೆಲೆಗೆ ಇಳಿದರೂ ಕ್ವಿಂಟಲ್‌ಗೆ 520 ರೂಪಾಯಿ ಮೀರದು. ಬೆಂಬಲ ಬೆಲೆಗೆ (ಉದ್ದ ಎಳೆಗೆ 2025-26ರಲ್ಲಿ 8,110) ಭಾರತೀಯ ಹತ್ತಿ ನಿಗಮಕ್ಕೆ ಕೊಟ್ಟವನಿಗೆ ಅದೂ ತಟ್ಟದು. ಆದರೆ ನಿಗಮ ಶೇ 8 ತೇವಾಂಶಕ್ಕೆ ಪೂರ್ಣ ದರ ಕೊಟ್ಟು, ಮೇಲಿನ ಪ್ರತಿ ಅಂಶಕ್ಕೆ ಕಡಿತ ಮಾಡಿ, 12 ದಾಟಿದರೆ ವಾಪಸ್ ಕಳಿಸುತ್ತದೆ. ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ನೋಂದಣಿ ಇಲ್ಲದವನದು ತೂಕಕ್ಕೇ ಬರುವುದಿಲ್ಲ.

ಚೀನಾದ ಬಗ್ಗೆ ಒಂದೇ ಮಾತು. ಅದರೊಂದಿಗಿನ ವ್ಯಾಪಾರ ಕೊರತೆ 2024-25ರಲ್ಲಿ 99 ಶತಕೋಟಿ ಡಾಲರ್, ಅದನ್ನು ‘ದೇಶದ ನಷ್ಟ’ ಎನ್ನುವವರು ಬಹಳ. ಭಾರತದ ಒಣಮೆಣಸಿನಕಾಯಿಯ ಅತಿದೊಡ್ಡ ಗಿರಾಕಿಯೂ ಅದೇ ಚೀನಾ. ಅವರು ಕೊಳ್ಳುವುದು ಮುಖ್ಯವಾಗಿ ತೇಜಾ ಎಂಬ ತಳಿ. ಅಲ್ಲಿ ಖರೀದಿ ನಿಂತರೆ ಆಂಧ್ರದ ಮಾಲು ಬ್ಯಾಡಗಿ ಪೇಟೆಯತ್ತ ತಿರುಗಬಹುದು, ಆಗ ಇಲ್ಲಿಯ ದರಕ್ಕೂ ಪೆಟ್ಟು.

ಆಮದು-ರಫ್ತಿನ ಅಂಕಿ ವಾಣಿಜ್ಯ ಸಚಿವಾಲಯದ ಟ್ರೇಡ್‌ಸ್ಟಾಟ್ ತಾಣದಲ್ಲಿ ಯಾರಿಗಾದರೂ ಸಿಗುತ್ತದೆ. ಬೆಳೆಯ ಹೆಸರು ಹುಡುಕಬೇಡಿ, ಸಂಕೇತ ಹಾಕಿ: ಗೋವಿನಜೋಳ 1005, ಹತ್ತಿ 5201, ಉಳ್ಳಾಗಡ್ಡಿ 070310. ರೂಪಾಯಿ ಕಾಲಂ ಬಿಟ್ಟು ಪ್ರಮಾಣದ ಕಾಲಂ ನೋಡಿ, ಬೆಲೆ ಏರಿದರೆ ರೂಪಾಯಿ ಸುಮ್ಮನೆ ಏರುತ್ತದೆ. ಪೇಟೆ ದರಕ್ಕೆ ಕೃಷಿ ಮಾರಾಟ ವಾಹಿನಿ ಎಂಬ ಜಾಲತಾಣ ಇದೆ. ಗರಿಷ್ಠ ದರ ಒಂದೆರಡು ಚೀಲದ್ದಾಗಿರಬಹುದು, ಹೆಚ್ಚು ಮಾಲು ಹೋದ ಮೋಡಲ್ ದರವನ್ನೇ ಹಿಡಿಯಿರಿ.

ಇನ್ನು ನಿಮ್ಮ ಅಣ್ಣನ 1,750. ಬೆಂಬಲ ಬೆಲೆಯ ಅಳತೆ ಶೇ 14 ತೇವಾಂಶದ ಕಾಳಿಗೆ. ಕೊಯ್ದು ಒಕ್ಕಿದ ವಾರದಲ್ಲೇ ಒಯ್ದಿದ್ದರೆ 20 ಇದ್ದಿರಬಹುದು. 100 ಕೆ.ಜಿ.ಯಲ್ಲಿ ಒಣ ಪದಾರ್ಥ 80. ಅದನ್ನು 14ಕ್ಕೆ ಒಣಗಿಸಿದರೆ ಉಳಿಯುವುದು 93 ಕೆ.ಜಿ. ಆ ಲೆಕ್ಕದಲ್ಲಿ ಅವರಿಗೆ ಸಿಕ್ಕದ್ದು ಒಣ ಕಾಳಿಗೆ 1,881ರ ದರ. ಬೆಂಬಲ ಬೆಲೆಗಿಂತ ಕಡಿಮೆಯೇ, ಆದರೆ ಕೊರತೆ 650 ಅಲ್ಲ, 519. ಮಾರಾಟದ ಪಟ್ಟಿ ಇಟ್ಟುಕೊಂಡಿದ್ದರೆ ತೆಗೆದು ನೋಡಲು ಹೇಳಿ: ತೇವಾಂಶ ಯಂತ್ರದಲ್ಲಿ ಅಳೆದು ಬರೆದಿದ್ದಾರೋ, ಬರೀ ಕೈಯಲ್ಲಿ ಮುಟ್ಟಿ ಹೇಳಿದ್ದೋ; ದಲಾಲಿಯನ್ನು ಅಣ್ಣನ ಹಣದಲ್ಲಿ ಮುರಿದಿದ್ದಾರೋ. ಕರ್ನಾಟಕದ ಎಪಿಎಂಸಿಯಲ್ಲಿ ದಲಾಲಿ ಕೊಡಬೇಕಾದವನು ಕೊಳ್ಳುವವನು. ರೈತನ ಪಟ್ಟಿಯಲ್ಲಿ ಆ ಸಾಲು ಇದ್ದರೆ ಪಟ್ಟಿಯ ಝೆರಾಕ್ಸ್ ಹಚ್ಚಿ ಎಪಿಎಂಸಿ ಕಾರ್ಯದರ್ಶಿಗೆ ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.